ಗೋಣಿ, ಪಿಟೀಲು ಮತ್ತು ಅಪ್ಪನ ಹಲಗಿ

🌼 *ದಿನದ ಚಿಂತನೆ: ಡಿಸೆಂಬರ್ 5* 🌼

ನಾಳೆ ಬಾಬಾಸಾಹೇಬರ ಮಹಾಪರಿನಿರ್ವಾಣ ದಿನ. ಇಂದಿನ ಚಿಂತನೆ ಬರೆಯುವ ಪಾಳಿ ನನ್ನದು. 22 ಪ್ರತಿಜ್ಞೆಗಳ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಆದರೆ ಕಳೆದ ಭಾನುವಾರ ನಮ್ಮ ಮನೆಯ ಅಟ್ಟದಿಂದ ಒಂದು ವಸ್ತು ಕೆಳಗಿಳಿಯಿತು. ನಾಲ್ಕು ದಿನ ಅದರದೇ ಯೋಚನೆಯಾಗಿದೆ. ಹಾಗಾಗಿ ಅದನ್ನೇ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಆ ವಸ್ತು ನನ್ನ ಅಪ್ಪನ ಹಲಗಿ. ಹಳೆಯ ಧೋತರದಲ್ಲಿ ಸುತ್ತಿ, ಸುತಳಿ ಬಿಗಿದು ಇಟ್ಟದ್ದು. ನನ್ನ ಮೊಮ್ಮಗ ಕಾಲೇಜಿನ ಗೆಳೆಯರ ಜೊತೆ ಸೇರಿ ಹಲಗಿ ಕಲಿಯುತ್ತಿದ್ದಾನೆ. ಬರುವ ಏಪ್ರಿಲ್ 14ರ ಮೆರವಣಿಗೆಯಲ್ಲಿ ಬಾರಿಸಬೇಕೆಂಬುದು ಅವನ ಆಸೆ. ಮುತ್ತಜ್ಜನ ಹಲಗಿ ಮನೆಯಲ್ಲೇ ಇದೆ ಎಂದು ಅವನ ಕಿವಿಗೆ ಹೇಗೋ ಬಿದ್ದಿದೆ. ಏಣಿ ಹಾಕಿ ಇಳಿಸಿಬಿಟ್ಟ. ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ಅದನ್ನು ಮತ್ತೆ ಅಟ್ಟಕ್ಕೆ ಹಾಕು, ಇಲ್ಲ ಒಲೆಗೆ ಹಾಕು ಎಂದುಬಿಟ್ಟೆ. ಹುಡುಗ ಏನೂ ಮಾತಾಡದೆ ಹೊರಗೆ ಹೋದ.

ಸಿಟ್ಟಿಗೆ ಕಾರಣವಿದೆ. ನಾನು ಚಿಕ್ಕವಳಿದ್ದಾಗ ಊರಲ್ಲಿ ಯಾರಾದರೂ ದೊಡ್ಡವರು ಸತ್ತರೆ, ಜಾತ್ರೆ ಬಂದರೆ, ಡಂಗುರ ಸಾರಬೇಕಾದರೆ, ನಮ್ಮ ಕೇರಿಯ ಅಂಚಿನಲ್ಲಿ ನಿಂತು ಒಬ್ಬ ಆಳು ಅಪ್ಪನ ಹೆಸರು ಹಿಡಿದು ಕೂಗುತ್ತಿದ್ದ. ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಏಕವಚನದಲ್ಲೇ ಕರೆಯುತ್ತಿದ್ದ. ಅಪ್ಪ ಊಟದ ನಡುವೆ ಇದ್ದರೂ ಎದ್ದು ಹೋಗಬೇಕು. ಜ್ವರ ಇದ್ದರೂ ಹೋಗಬೇಕು. ರಾತ್ರಿಯೆಲ್ಲ ಬಾರಿಸಿ ಬೆಳಗ್ಗೆ ಬಂದರೆ ಸೆರಗಿನಲ್ಲಿ ತಂಗಳ ರೊಟ್ಟಿ, ಬಾಯಲ್ಲಿ ಸೆರೆಯ ವಾಸನೆ. ಹಲಗಿಯ ಸದ್ದು ಕೇಳಿದರೆ ಇವತ್ತಿಗೂ ನನಗೆ ನೆನಪಾಗುವುದು ಆ ವಾಸನೆ.

ದೀಕ್ಷೆ ತೆಗೆದುಕೊಂಡ ದಿನದಿಂದ ಅಪ್ಪ ಹಲಗಿ ಮುಟ್ಟಲಿಲ್ಲ. ಊರಿನವರು ಆಯ ನಿಲ್ಲಿಸಿದರು, ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ನಾವು ಪಟ್ಟಣಕ್ಕೆ ಬಂದೆವು. ಆದರೂ ಅಪ್ಪ ಅದನ್ನು ಎಸೆಯಲಿಲ್ಲ, ಸುಡಲಿಲ್ಲ. ಧೋತರದಲ್ಲಿ ಸುತ್ತಿ ಇಟ್ಟರು. ಯಾಕೆ ಎಂದು ನಾನು ಕೇಳಿದ್ದಿಲ್ಲ. ಈಗ ಕೇಳಲು ಅವರಿಲ್ಲ.

ಅಂದು ಸಂಜೆ ವಿಹಾರದಲ್ಲಿ ಈ ವಿಷಯ ಎತ್ತಿದೆ. ಮೂರು ಮಾತು ಬಂದವು. ಅದು ಗುಲಾಮಗಿರಿಯ ಗುರುತು, ಸುಟ್ಟುಬಿಡಿ ಎಂದರು ಒಬ್ಬ ಹಿರಿಯರು. ಅದು ನಮ್ಮ ಕಲೆ, ನಾವೇ ಬಿಟ್ಟರೆ ಬೇರೆಯವರು ವೇದಿಕೆ ಹತ್ತಿ ಹೆಸರು ತಗೊಳ್ಳುತ್ತಾರೆ ಎಂದಳು ಕಾಲೇಜು ಓದುವ ಹುಡುಗಿ. ಶೀಲದಲ್ಲಿ ವಾದ್ಯ ಸಂಗೀತಕ್ಕೆ ಅವಕಾಶವೇ ಇಲ್ಲವಲ್ಲ ಎಂದರು ಮೂರನೆಯವರು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಬಾಬಾಸಾಹೇಬರ ಜೀವನ ಚರಿತ್ರೆಗಳನ್ನು ಮತ್ತೆ ತೆಗೆದೆ. ಸಂಗೀತದ ಜೊತೆ, ಮನೆಯ ವಸ್ತುಗಳ ಜೊತೆ ಅವರು ಹೇಗೆ ನಡೆದುಕೊಂಡರು ಎಂಬುದನ್ನಷ್ಟೇ ಹುಡುಕುತ್ತ ಓದಿದೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇನೆ.

*ಹಾಡಿನ ಮನೆ*

1891ರ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಭೀಮರಾವ್ ಹುಟ್ಟಿದರು. ರಾಮಜಿ ಸಕ್ಪಾಲ್ ಮತ್ತು ಭೀಮಾಬಾಯಿ ದಂಪತಿಗೆ ಹದಿನಾಲ್ಕನೆಯ ಮಗು. ರಾಮಜಿ ಸೈನ್ಯದಲ್ಲಿ ಸುಬೇದಾರರು, ಸೈನಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಅವರು ಕಬೀರ ಪಂಥದವರು. ಮಾಂಸ ಮದ್ಯ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳೆಲ್ಲ ಕೂತು ಕಬೀರರ ಪದಗಳನ್ನು, ಮರಾಠಿ ಸಂತರ ಅಭಂಗಗಳನ್ನು ಹೇಳಲೇಬೇಕು ಎಂಬುದು ಅವರ ಕಟ್ಟುನಿಟ್ಟು.

ಇದನ್ನು ಓದುವಾಗ ಒಂದು ಕ್ಷಣ ನಿಂತೆ. ಅಸ್ಪೃಶ್ಯ ಕುಟುಂಬ, ಆದರೆ ಆ ಹಾಡು ಯಾರ ಮನೆ ಬಾಗಿಲಲ್ಲೂ ನಿಂತು ಹಾಡಿದ್ದಲ್ಲ. ಯಾರೂ ಕೂಗಿ ಕರೆಸಿಕೊಂಡು ಹಾಡಿಸಿದ್ದಲ್ಲ. ತಂದೆ ಮಕ್ಕಳು ತಮ್ಮ ಮನೆಯಲ್ಲಿ, ತಮಗಾಗಿ ಹಾಡಿಕೊಂಡದ್ದು. ಜಾತಿಯನ್ನು ಒಪ್ಪದ ಕಬೀರರ ಮಾತು ಆ ಹುಡುಗನ ಕಿವಿಗೆ ಮೊದಲು ಬಿದ್ದದ್ದು ಹಾಡಾಗಿ. ಮುಂದೆ ಬಾಬಾಸಾಹೇಬರು ತಮ್ಮ ಮೂವರು ಗುರುಗಳೆಂದು ಬುದ್ಧ, ಕಬೀರ, ಜ್ಯೋತಿಬಾ ಫುಲೆ ಅವರ ಹೆಸರು ಹೇಳಿದರು. ಆ ಎರಡನೆಯ ಗುರು ಬಂದದ್ದು ಅಪ್ಪನ ಕಂಠದಿಂದ.

*ಯಾವ ಸಂಗ್ರಹಾಲಯದಲ್ಲೂ ಇಲ್ಲದ ಗೋಣಿ*

ನಾವು ಬಳಗದವರು ಒಮ್ಮೆ ಪುಣೆಗೆ ಹೋಗಿದ್ದು ನಿಮಗೆ ನೆನಪಿರಬಹುದು. ಸಿಂಬಯೋಸಿಸ್ ಸಂಸ್ಥೆಯ ಅಂಬೇಡ್ಕರ್ ಸ್ಮಾರಕ ಸಂಗ್ರಹಾಲಯದಲ್ಲಿ ಅವರು ಬಳಸಿದ ವಸ್ತುಗಳಿವೆ. ಮಾಯಿಸಾಹೇಬ್ ಸವಿತಾ ಅಂಬೇಡ್ಕರ್ ಅವರು ಜೋಪಾನ ಮಾಡಿ ಕೊಟ್ಟವು. ನಾಗಪುರದ ಹತ್ತಿರ ಚಿಚೋಲಿಯ ಶಾಂತಿವನದಲ್ಲಿ ಅವರ ಕೋಟುಗಳು, ಟೈಪ್‌ರೈಟರ್ ಇವೆ. ಕೋಟು, ಪೆನ್ನು, ಪುಸ್ತಕ ಎಂದರೆ ಅವರಿಗೆ ಬಹಳ ಪ್ರೀತಿ. ಮೈತುಂಬ ಬಟ್ಟೆ ತೊಡುವ ಹಕ್ಕೂ ಇಲ್ಲದ ಜನರ ನಡುವಿನಿಂದ ಬಂದ ಮನುಷ್ಯ ಅಚ್ಚುಕಟ್ಟಾಗಿ ಕೋಟು ಹಾಕಿಕೊಂಡದ್ದು ಬರೀ ಶೋಕಿ ಅಲ್ಲ ಎಂಬುದು ನಮಗೆ ಗೊತ್ತು.

ಆದರೆ ಅವರ ಜೀವನದ ಮೊದಲ ವಸ್ತು ಯಾವ ಸಂಗ್ರಹಾಲಯದಲ್ಲೂ ಇಲ್ಲ. ಅದು ಒಂದು ಗೋಣಿತಟ್ಟು. ಸಾತಾರಾದ ಶಾಲೆಯಲ್ಲಿ ಬಾಲಕ ಭೀಮ ತರಗತಿಯ ಮೂಲೆಯಲ್ಲಿ ಒಬ್ಬನೇ ಕೂರಬೇಕಿತ್ತು. ಕೂರುವುದಕ್ಕೆ ಗೋಣಿಯನ್ನು ಮನೆಯಿಂದ ತರಬೇಕಿತ್ತು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಸಂಜೆ ಸುತ್ತಿಕೊಂಡು ಮನೆಗೆ ಹೋಗಬೇಕು, ಬೆಳಗ್ಗೆ ಮತ್ತೆ ಹೊತ್ತು ತರಬೇಕು. ನೀರು ಬೇಕಾದರೆ ಜವಾನ ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ಮಕ್ಕಳ ಪಾಟಿಚೀಲ ನೋಡಿದಾಗೆಲ್ಲ ನನಗೆ ಆ ಗೋಣಿ ನೆನಪಾಗುತ್ತಿತ್ತು. ಆ ಗೋಣಿಯನ್ನು ಯಾರೂ ಎತ್ತಿಡಲಿಲ್ಲ. ಆದರೆ ಅದನ್ನು ಹೊತ್ತವರು ಮರೆಯಲಿಲ್ಲ. ದೊಡ್ಡವರಾದ ಮೇಲೆ ತಮ್ಮ ನೆನಪುಗಳನ್ನು ಬರೆದಾಗ ಆ ಗೋಣಿಯನ್ನು ಅದರಲ್ಲಿ ಸೇರಿಸಿದರು. ಅವಮಾನದ ವಸ್ತುವನ್ನು ಮುಚ್ಚಿಡದೆ, ಲೋಕದ ಮುಂದೆ ಸಾಕ್ಷಿಯಾಗಿ ಇಟ್ಟರು.

*ಒಡವೆ ಒತ್ತೆಯಿಟ್ಟು ಕೊಂಡ ಪುಸ್ತಕ*

ತಾಯಿ ಭೀಮಾಬಾಯಿ ತೀರಿದಾಗ ಭೀಮನಿಗೆ ಸುಮಾರು ಐದು ವರ್ಷ. ನಂತರ ಕುಟುಂಬ ಮುಂಬಯಿಯ ಪರೇಲಿನ ಚಾಳಿಗೆ ಬಂತು. ಒಂದೇ ಕೋಣೆ. ಅಡುಗೆ, ನಿದ್ದೆ, ಓದು ಎಲ್ಲ ಅಲ್ಲೇ. ಬೀಸುವ ಕಲ್ಲೂ ಅಲ್ಲೇ, ಆಡೂ ಅಲ್ಲೇ. ತಂದೆ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು ಮಗನನ್ನು ಎಬ್ಬಿಸಿ, ಅವನು ಮಲಗಿದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. ಮಗ ಬುಡ್ಡಿ ದೀಪದಲ್ಲಿ ಓದುತ್ತಿದ್ದ.

ಮಗನಿಗೆ ಹೊಸ ಪುಸ್ತಕ ಬೇಕೆಂದರೆ ರಾಮಜಿ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗುತ್ತಿದ್ದರು. ಅಲ್ಲಿ ಹಣ ಇಲ್ಲದಿದ್ದರೆ ಮಗಳ ಒಡವೆ ಪಡೆದು ಒತ್ತೆಯಿಡುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿ ಕೊಡುತ್ತಿದ್ದರು. ಮುಂದೆ ಜಗತ್ತು ಮೆಚ್ಚಿದ ಆ ಪುಸ್ತಕ ಭಂಡಾರದ ಮೊದಲ ಪುಸ್ತಕಗಳ ಹಿಂದೆ ಅಕ್ಕಂದಿರ ಒಡವೆ ಇದೆ. ನಮ್ಮ ಸಭೆಗಳಲ್ಲಿ ತಂದೆಯ ತ್ಯಾಗ ಹೇಳುತ್ತೇವೆ. ಆ ಹೆಣ್ಣುಮಕ್ಕಳ ಹೆಸರು ಹೇಳುವುದು ಕಡಿಮೆ. ಮಂಜುಳಾ ಮತ್ತು ತುಳಸಾ ಎಂಬುದು ಆ ಅಕ್ಕಂದಿರ ಹೆಸರು. ಇಂದು ನೆನೆಯೋಣ.

ಶಾಲೆಯ ಪರೀಕ್ಷೆ ಪಾಸಾದಾಗ ನಡೆದ ಸಭೆಯಲ್ಲಿ ದಾದಾ ಕೆಳುಸ್ಕರ್ ಅವರು ತಾವೇ ಮರಾಠಿಯಲ್ಲಿ ಬರೆದ ಬುದ್ಧ ಚರಿತ್ರೆಯ ಪ್ರತಿಯೊಂದನ್ನು ಹುಡುಗನ ಕೈಗಿತ್ತರು. ಒಂದು ಸಣ್ಣ ಬಹುಮಾನ. ಆ ಪುಸ್ತಕದಿಂದಲೇ ತಾವು ಬುದ್ಧನ ಕಡೆ ತಿರುಗಿದ್ದು ಎಂದು ಬಾಬಾಸಾಹೇಬರು ಜೀವನದ ಕೊನೆಯಲ್ಲಿ ನೆನೆದಿದ್ದಾರೆ. ಬಂಧುಗಳೆ, ಹುಟ್ಟುಹಬ್ಬಕ್ಕೆ, ಮದುವೆಗೆ ಪುಸ್ತಕ ಕೊಡಿ ಎಂದು ನಮ್ಮ ಬಳಗ ಪದೇ ಪದೇ ಹೇಳುವುದು ಸುಮ್ಮನೆ ಅಲ್ಲ. ಯಾವ ಪುಸ್ತಕ ಯಾವ ಮಗುವಿನಲ್ಲಿ ಎಷ್ಟು ವರ್ಷದ ಮೇಲೆ ಮೊಳೆಯುತ್ತದೋ ಯಾರಿಗೆ ಗೊತ್ತು.

*ಮುಳುಗಿದ್ದು, ಮತ್ತೆ ಕಟ್ಟಿದ್ದು*

1913ರಲ್ಲಿ ತಂದೆ ತೀರಿದರು. ಅದೇ ವರ್ಷ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಭೀಮರಾವ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಊಟದ ಖರ್ಚು ಹಿಡಿದು, ಸಿನಿಮಾ ನಾಟಕ ಬಿಟ್ಟು, ಹಳೆ ಪುಸ್ತಕದಂಗಡಿಗಳಲ್ಲಿ ಸುಮಾರು ಎರಡು ಸಾವಿರ ಪುಸ್ತಕ ಕೊಂಡರು. ಅವುಗಳಲ್ಲಿ ಎಲ್ಲವೂ ಭಾರತಕ್ಕೆ ಮುಟ್ಟಲಿಲ್ಲ. 1917ರಲ್ಲಿ ಲಂಡನ್ನಿನಿಂದ ಮರಳುವಾಗ ಅವರ ಸಾಮಾನು ಹೊತ್ತ ಹಡಗು ಮಹಾಯುದ್ಧದ ಟಾರ್ಪೆಡೋ ದಾಳಿಗೆ ಸಿಕ್ಕಿತು. ಪುಸ್ತಕಗಳೂ ಸಮುದ್ರ ಪಾಲಾದವು.

ನಾವಾಗಿದ್ದರೆ ಹಣೆಬರಹ ಎಂದು ಕೂರುತ್ತಿದ್ದೆವೇನೋ. ಅವರು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಬೆಳಗ್ಗೆಯಿಂದ ಸಂಜೆಯವರೆಗೆ ಗ್ರಂಥಾಲಯ, ರಾತ್ರಿ ಹಸಿವಿಗೆ ಹಪ್ಪಳ. ಓದು ಮುಗಿಸಿ 1923ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದರು. 1930ರ ದಶಕದಲ್ಲಿ ಮುಂಬಯಿಯ ದಾದರಿನ ಹಿಂದೂ ಕಾಲೊನಿಯಲ್ಲಿ ಮನೆ ಕಟ್ಟಿಸಿದಾಗ ಪುಸ್ತಕಗಳಿಗೆ ಜಾಗವಾಗುವಂತೆಯೇ ಕಟ್ಟಿಸಿದರು. ಬಿಂಬಿಸಾರನ ರಾಜಧಾನಿಯನ್ನು ನೆನಪಿಸುವ ರಾಜಗೃಹ ಎಂಬ ಹೆಸರಿಟ್ಟರು. ಗೋಣಿ ಹೊತ್ತ ಹುಡುಗ ಪುಸ್ತಕಕ್ಕೆಂದೇ ಮನೆ ಕಟ್ಟಿದ.

ಅನಿಚ್ಚ ಎಂದರೆ ಎಲ್ಲವೂ ಹೋಗುತ್ತದೆ ಎಂದು ಕೈಚೆಲ್ಲಿ ಕೂರುವುದಲ್ಲ ಎಂಬುದು ನನಗೆ ಇಲ್ಲಿ ಅರ್ಥವಾಯಿತು. ಹಡಗು ಮುಳುಗುತ್ತದೆ. ಮತ್ತೆ ಕಟ್ಟುವ ಶ್ರಮ ನಮ್ಮದು.

*ಧಾರವಾಡದ ಬಳೆಗಳು*

ಮಾತೆ ರಮಾಬಾಯಿಯವರನ್ನು ಬಿಟ್ಟು ಈ ಕಥೆ ಇಲ್ಲ. ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣು ಮಾಡಿದ ತಾಯಿ. ಗಂಡ ಸಮುದ್ರದಾಚೆ ಇದ್ದಾಗ ಬಡತನವನ್ನು ಒಬ್ಬರೇ ಎದುರಿಸಿದವರು.

ನಮ್ಮ ಧಾರವಾಡದಲ್ಲಿ ಬಾಬಾಸಾಹೇಬರ ಪ್ರೇರಣೆಯಿಂದ ದಮನಿತ ವರ್ಗದ ಹುಡುಗರಿಗಾಗಿ ವಿದ್ಯಾರ್ಥಿನಿಲಯ ನಡೆಯುತ್ತಿತ್ತು. ಬಳವಂತರಾವ್ ವರಾಳೆಯವರು ಅದನ್ನು ನೋಡಿಕೊಳ್ಳುತ್ತಿದ್ದರು. ರಮಾಬಾಯಿಯವರು ಕೆಲವು ದಿನ ಅಲ್ಲಿ ಇದ್ದಾಗ ನಿಲಯದಲ್ಲಿ ಕಾಳುಕಡಿ ಮುಗಿದು ಮಕ್ಕಳು ಹಸಿದಿದ್ದರಂತೆ. ತಮ್ಮ ಕೈಯ ಬಂಗಾರದ ಬಳೆಗಳನ್ನು ಬಿಚ್ಚಿ ಕೊಟ್ಟು, ಒತ್ತೆಯಿಟ್ಟು ಧಾನ್ಯ ತನ್ನಿ ಎಂದು ಕಳಿಸಿದರಂತೆ. ನಮ್ಮ ಹಿರಿಯರು ತಲೆಮಾರಿನಿಂದ ಹೇಳುತ್ತ ಬಂದ ಸಂಗತಿ ಇದು.

1935ರ ಮೇ 27ರಂದು ರಾಜಗೃಹದಲ್ಲಿ ರಮಾಬಾಯಿ ತೀರಿಕೊಂಡರು. ಪಾಕಿಸ್ತಾನದ ಪ್ರಶ್ನೆಯ ಬಗ್ಗೆ ಬರೆದ ದೊಡ್ಡ ಗ್ರಂಥವನ್ನು ಬಾಬಾಸಾಹೇಬರು ರಾಮು ಎಂಬ ಅವರ ಮುದ್ದಿನ ಹೆಸರಿಗೆ ಅರ್ಪಿಸಿದರು. ಬಳೆಗಳು ಉಳಿಯಲಿಲ್ಲ. ಊಟ ಮಾಡಿದ ಮಕ್ಕಳು ಓದಿ ಬೆಳೆದರು. ಕೆಲವು ವಸ್ತುಗಳು ಕೈಬಿಟ್ಟು ಹೋದರೇನೇ ಅರ್ಥ ಪಡೆಯುತ್ತವೆ.

*ಬೇಡವೆಂದ ಹಣ, ಒಪ್ಪಿದ ಹಾಡು*

ಈಗ ಹಲಗಿಯ ಪ್ರಶ್ನೆಗೆ ಹತ್ತಿರ ಬರುತ್ತೇನೆ. ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಮಹಾಡ್ ಹೋರಾಟದ ದಿನಗಳದು. 1927ರ ಮಾರ್ಚ್ 20ರಂದು ಚವದಾರ ಕೆರೆಯ ನೀರು ಮುಟ್ಟಿದ ಚಳವಳಿ. ಸತ್ತ ದನದ ಮಾಂಸ ಬಿಡಿ, ಎಂಜಲು ಅನ್ನಕ್ಕೆ ಕೈಚಾಚುವುದನ್ನು ಬಿಡಿ ಎಂದು ಜನರಿಗೆ ತಿಳಿಹೇಳಿದ ಚಳವಳಿ. ಹಣದ ಅಗತ್ಯ ಬಹಳ ಇತ್ತು. ಆಗ ತಮಾಷಾ ಕಲೆಯಲ್ಲಿ ದೊಡ್ಡ ಹೆಸರು ಮಾಡಿದ್ದ ಪಠ್ಠೆ ಬಾಪೂರಾವ್ ತಮ್ಮ ಆಟಗಳ ಗಳಿಕೆಯನ್ನು ಹೋರಾಟಕ್ಕೆ ಕೊಡಲು ಮುಂದೆ ಬಂದರು. ಅವರು ಬ್ರಾಹ್ಮಣರಾಗಿ ಹುಟ್ಟಿದವರು. ಅವರ ಆಟದಲ್ಲಿ ಕುಣಿಯುತ್ತಿದ್ದವರು ಮಹಾರ್ ಹೆಣ್ಣುಮಕ್ಕಳು. ಬಾಬಾಸಾಹೇಬರು ಆ ಹಣ ಬೇಡವೆಂದರು. ನಮ್ಮ ಹೆಣ್ಣುಮಕ್ಕಳನ್ನು ಕುಣಿಸಿ ಬಂದ ಹಣದಲ್ಲಿ ನಮ್ಮ ಹೋರಾಟ ನಡೆಯಬಾರದು ಎಂಬುದು ಅವರ ನಿಲುವು.

ಎರಡನೆಯದು ಅದಾದ ಕೆಲವು ವರ್ಷಗಳ ಮೇಲೆ. ನಾಸಿಕ್ ಕಡೆಯ ಭೀಮರಾವ್ ಕರ್ಡಕ್ ಮತ್ತು ಅವರ ಸಂಗಡಿಗರು ಅಂಬೇಡ್ಕರಿ ಜಲ್ಸಾ ಕಟ್ಟಿದರು. ಅದೇ ತಮಾಷಾದ ಆಟದ ಕ್ರಮ, ಅದೇ ಢೋಲಕಿಯ ಪೆಟ್ಟು. ಆದರೆ ಒಳಗಿನದು ಪೂರ್ತಿ ಬೇರೆ. ಮೊದಲಿಗೆ ಬರುತ್ತಿದ್ದ ದೇವರ ಸ್ತುತಿ ಹೋಯಿತು. ಗೌಳಣಿಯ ಸರಸ ಹೋಯಿತು. ಮಕ್ಕಳನ್ನು ಶಾಲೆಗೆ ಕಳಿಸಿ, ಕುಡಿತ ಬಿಡಿ, ಊರ ಚಾಕರಿ ಬಿಡಿ ಎನ್ನುವ ಹಾಡು, ನಾಟಕ ಬಂತು. ಓದು ಬರದ ಜನರಿಗೆ ಪತ್ರಿಕೆ ಮುಟ್ಟದ ಕಡೆ ಜಲ್ಸಾ ಮುಟ್ಟಿತು. ಬಾಬಾಸಾಹೇಬರು ಅದನ್ನು ಮೆಚ್ಚಿದರು. ತಮ್ಮ ಎಷ್ಟೋ ಸಭೆಗಳು ಮಾಡುವ ಕೆಲಸವನ್ನು ಒಂದು ಜಲ್ಸಾ ಮಾಡುತ್ತದೆ ಎಂದು ಅವರು ಹೇಳುತ್ತಿದ್ದರೆಂದು ಜಲ್ಸಾ ಕಲಾವಿದರ ಪರಂಪರೆ ಇಂದಿಗೂ ನೆನೆಯುತ್ತದೆ.

ಒಬ್ಬರೇ ಮನುಷ್ಯ, ಒಂದೇ ಬಗೆಯ ಕಲೆ. ಒಂದು ಕಡೆ ಬೇಡ, ಇನ್ನೊಂದು ಕಡೆ ಭೇಷ್. ಅವರು ವಾದ್ಯವನ್ನು ನೋಡಲಿಲ್ಲ. ಬಾರಿಸುವ ಕೈ ಯಾರ ಅಪ್ಪಣೆಯಲ್ಲಿದೆ, ಆ ಸದ್ದು ಯಾರನ್ನು ಎಬ್ಬಿಸುತ್ತದೆ, ಯಾರನ್ನು ಮಲಗಿಸುತ್ತದೆ ಎಂದು ನೋಡಿದರು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

*ಪಿಟೀಲು*

ಪುಣೆಯ ಸಂಗ್ರಹಾಲಯದಲ್ಲಿ ಒಂದು ಪಿಟೀಲು ಇದೆ. ನಮ್ಮಲ್ಲಿ ಕೆಲವರಿಗೆ ಅಂದು ಆಶ್ಚರ್ಯವಾಗಿತ್ತು. ಸಂವಿಧಾನ ಬರೆದವರ ಮನೆಯಲ್ಲಿ ಪಿಟೀಲು ಯಾಕೆ ಎಂದು.

ಬಾಬಾಸಾಹೇಬರು ಮಧ್ಯವಯಸ್ಸು ದಾಟಿದ ಮೇಲೆ ಗುರುವನ್ನು ಇಟ್ಟುಕೊಂಡು ಪಿಟೀಲು ಕಲಿತರು. ಮೈಯಲ್ಲಿ ಸಕ್ಕರೆ ಕಾಯಿಲೆ, ಕಾಲುನೋವು. ತಲೆಯ ಮೇಲೆ ದೇಶದ ಕೆಲಸ, ಜನರ ಕೆಲಸ. 1951ರಲ್ಲಿ ಹಿಂದೂ ಕೋಡ್ ಮಸೂದೆ ಹಿಂದೆ ಬಿದ್ದಾಗ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟ ನೋವು. ಅಂಥ ಬದುಕಿನಲ್ಲಿ ಅವರು ಪಿಟೀಲಿಗೂ ಜಾಗ ಮಾಡಿಕೊಂಡರು. ಅವರು ಕಛೇರಿ ಕೊಟ್ಟವರಲ್ಲ, ವಿದ್ವಾಂಸರೂ ಆಗಲಿಲ್ಲ. ಅದರಿಂದ ಯಾವ ಪದವಿಯೂ ಬರುವಂತಿರಲಿಲ್ಲ. ತಮ್ಮ ಸಂತೋಷಕ್ಕೆ ಕಲಿತರು, ಅಷ್ಟೇ.

ಈ ಅಷ್ಟೇ ಎನ್ನುವುದು ನಮಗೆ ದೊಡ್ಡದು. ನನ್ನ ಅಪ್ಪನ ಕೈಯಲ್ಲಿ ಲಯ ಇತ್ತು. ಕೇರಿಯಲ್ಲಿ ಅವರಷ್ಟು ಚೆನ್ನಾಗಿ ಬಾರಿಸುವವರು ಇರಲಿಲ್ಲ ಎಂದು ಹಳಬರು ಹೇಳುತ್ತಾರೆ. ಆದರೆ ತಮ್ಮ ಸಂತೋಷಕ್ಕೆ ಅಂತ ಅವರು ಒಂದು ಸಂಜೆಯೂ ಬಾರಿಸಿದ್ದನ್ನು ನಾನು ಕಾಣೆ. ಬಾರಿಸು ಎಂದಾಗ ಬಾರಿಸಬೇಕು, ನಿಲ್ಲಿಸು ಎಂದಾಗ ನಿಲ್ಲಿಸಬೇಕು. ಅವರ ಕಲೆಯನ್ನು ಅವರಿಂದಲೇ ಕಸಿದುಕೊಂಡಿದ್ದರು. ಹಲಗಿ ಬಿಟ್ಟಾಗ ಅಪ್ಪ ಗುಲಾಮಗಿರಿಯನ್ನು ಬಿಟ್ಟರು, ಜೊತೆಗೆ ತಮ್ಮ ಕೈಯ ಲಯವನ್ನೂ ಬಿಡಬೇಕಾಯಿತು. ಬಹುಶಃ ಅದಕ್ಕೇ ಸುಡಲಿಲ್ಲ. ಇದು ನನ್ನ ಊಹೆ ಮಾತ್ರ.

ವಾದ್ಯ ಎಂದಾಗ ಸೋಣ ಭಿಕ್ಖುವಿನ ಕಥೆ ನೆನಪಾಗುತ್ತದೆ. ಅಂಗಾಲು ಒಡೆದು ರಕ್ತ ಬರುವವರೆಗೆ ಚಂಕ್ರಮಣ ಮಾಡಿ, ಫಲ ಕಾಣದೆ ಸೋತುಹೋದ ಸೋಣನಿಗೆ ಭಗವಾನ್ ಬುದ್ಧರು ಅವನ ಹಿಂದಿನ ವೀಣೆಯನ್ನು ನೆನಪಿಸಿದರು. ತಂತಿ ಅತಿ ಬಿಗಿಯಾದರೂ ಸ್ವರ ಇಲ್ಲ, ಅತಿ ಸಡಿಲವಾದರೂ ಸ್ವರ ಇಲ್ಲ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದರು. ಮನೆಯಲ್ಲಿ ವೀಣೆ ನುಡಿಸುತ್ತಿದ್ದ ಅನುಭವವನ್ನೇ ಬುದ್ಧರು ಅವನಿಗೆ ದಾರಿಯಾಗಿ ಮಾಡಿಕೊಟ್ಟರು. ಶೀಲದ ಪ್ರಶ್ನೆ ಎತ್ತಿದ ಬಂಧುಗಳಿಗೆ ಒಂದು ಮಾತು. ನೃತ್ಯ, ಗೀತ, ವಾದ್ಯಗಳಿಂದ ದೂರವಿರುವುದು ಅಷ್ಟಶೀಲದಲ್ಲಿ ಬರುತ್ತದೆ. ಉಪೋಸಥದ ದಿನ ನಾವು ಅದನ್ನು ಪಾಲಿಸುತ್ತೇವೆ. ದಿನನಿತ್ಯದ ಪಂಚಶೀಲದಲ್ಲಿ ಅದಿಲ್ಲ. ಐದನೆಯ ಶೀಲ ಹೇಳುವುದು ಅಮಲಿನ ಬಗ್ಗೆ. ಹಲಗಿಯ ಜೊತೆ ಅಂಟಿಕೊಂಡಿದ್ದ ಸೆರೆಯನ್ನು ಬಿಡಿಸಬೇಕಾದ್ದು ಅಲ್ಲಿ.

*ಕೊನೆಯ ಸಂಜೆ*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಭಂತೆ ಚಂದ್ರಮಣಿಯವರಿಂದ ತ್ರಿಸರಣ ಪಂಚಶೀಲ ಪಡೆದರು. ಲಕ್ಷಾಂತರ ಜನ ಅವರ ಹಿಂದೆ ಬಂದರು. ಅದಾಗಿ ಎರಡು ತಿಂಗಳೂ ತುಂಬಲಿಲ್ಲ.

ಡಿಸೆಂಬರ್ 5ರ ಸಂಜೆ, ಅಂದರೆ ಇದೇ ಸಂಜೆ, ದೆಹಲಿಯ 26, ಅಲಿಪುರ ರಸ್ತೆಯ ಮನೆ. ಜೈನ ಸಮುದಾಯದ ಕೆಲವರು ಭೇಟಿಗೆ ಬಂದು ಮಾತಾಡಿ ಹೋದರು. ಬಾಬಾಸಾಹೇಬರು ಬಹಳ ದಣಿದಿದ್ದರು. ಕಾರ್ಯದರ್ಶಿ ನಾನಕ್ ಚಂದ್ ರತ್ತು ಅವರ ಕಾಲು ಒತ್ತಿದರು, ತಲೆಗೆ ಎಣ್ಣೆ ಹಚ್ಚಿದರು. ಬಾಬಾಸಾಹೇಬರು ಕಣ್ಣು ಮುಚ್ಚಿ, ಕುರ್ಚಿಯ ತೋಳಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ, ಮೆಲ್ಲಗೆ ತ್ರಿಸರಣವನ್ನು ಗುನುಗತೊಡಗಿದರು. ಆಮೇಲೆ ಅದೇ ತ್ರಿಸರಣದ ಧ್ವನಿಮುದ್ರಿಕೆಯನ್ನು ರೇಡಿಯೋಗ್ರಾಮಿನಲ್ಲಿ ಹಾಕಿಸಿ, ಅದರ ಜೊತೆ ದನಿಗೂಡಿಸಿದರು.

ಊಟಕ್ಕೆ ಏಳಲು ಮನಸ್ಸಿರಲಿಲ್ಲ. ಒತ್ತಾಯಕ್ಕೆ ಎದ್ದರು. ದಾರಿಯಲ್ಲಿ ಪುಸ್ತಕದ ಕಪಾಟುಗಳ ಮುಂದೆ ನಿಂತು, ಕೆಲವು ಪುಸ್ತಕ ತೆಗೆದು ಹಾಸಿಗೆಯ ಹತ್ತಿರ ಇಡಿಸಿದರು. ಸ್ವಲ್ಪವೇ ಉಂಡರು. ನಂತರ ಕೋಲೂರಿಕೊಂಡು ಮಲಗುವ ಕೋಣೆಗೆ ನಡೆಯುವಾಗ ಅವರ ಬಾಯಲ್ಲಿ ಇದ್ದದ್ದು ಕಬೀರರ ಪದ. ಈ ಭವಸಾಗರದ ಬಿಡಾರ ಬಿಟ್ಟು ಹೊರಡುವ ಅರ್ಥದ ಪದ. ಮಲಗುವ ಮುಂಚೆ ಬುದ್ಧ ಮತ್ತು ಆತನ ಧಮ್ಮ ಗ್ರಂಥದ ಮುನ್ನುಡಿಯ ಹಾಳೆಗಳನ್ನು ಮೇಜಿನ ಮೇಲೆ ತರಿಸಿ ಇಟ್ಟುಕೊಂಡರು. ಆ ರಾತ್ರಿ ನಿದ್ದೆಯಲ್ಲೇ ಹೋದರು. ಡಿಸೆಂಬರ್ 7ರಂದು ದಾದರ್ ಸಮುದ್ರ ತೀರದಲ್ಲಿ ಅಂತ್ಯಕ್ರಿಯೆ. ಆ ಗ್ರಂಥ 1957ರಲ್ಲಿ ಅಚ್ಚಾಗಿ ಬಂತು.

ಯೋಚಿಸಿ ನೋಡಿ ಬಂಧುಗಳೆ. ಅಪ್ಪ ಕಲಿಸಿದ ಕಬೀರ, ತಾವೇ ಅರಸಿ ಕಂಡುಕೊಂಡ ಬುದ್ಧ. ಮೊದಲ ಹಾಡು, ಕೊನೆಯ ಹಾಡು. ಎರಡೂ ಒಂದೇ ಸಂಜೆ ಅವರ ಬಾಯಲ್ಲಿ ಇದ್ದವು. ಬಂದ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಅವರು ಎಸೆಯಲಿಲ್ಲ. ಎಲ್ಲವನ್ನೂ ಹೊತ್ತುಕೊಂಡೂ ಬರಲಿಲ್ಲ. ಮನುಸ್ಮೃತಿಯನ್ನು 1927ರ ಡಿಸೆಂಬರ್ 25ರಂದು ಸುಟ್ಟ ಕೈ ಅದೇ. ಕಬೀರನಿಗೆ ತಾಳ ಹಾಕಿದ ಕೈಯೂ ಅದೇ. ಯಾವುದನ್ನು ಸುಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ವಿವೇಕ ಅವರಲ್ಲಿತ್ತು. ನಮಗೆ ಬೇಕಾದ್ದು ಅದು.

*ಹಲಗಿ ಏನಾಯಿತು*

ನಿನ್ನೆ ಸಂಜೆ ಮೊಮ್ಮಗನನ್ನು ಕರೆದು ಕೂರಿಸಿಕೊಂಡೆ. ಮೊದಲು ಸಿಟ್ಟು ಮಾಡಿದ್ದು ತಪ್ಪಾಯಿತಪ್ಪ ಎಂದೆ. ಆಮೇಲೆ ಅವನ ಮುತ್ತಜ್ಜನನ್ನು ಹೇಗೆ ಕೂಗಿ ಕರೆಯುತ್ತಿದ್ದರು, ಸೆರಗಿನಲ್ಲಿ ಏನು ತರುತ್ತಿದ್ದರು ಎಂಬುದನ್ನು ಮೊದಲ ಸಲ ಹೇಳಿದೆ. ಇಷ್ಟು ವರ್ಷ ಅವನಿಗೂ ಹೇಳಿರಲಿಲ್ಲ, ಅವನ ತಾಯಿಗೂ ಪೂರ್ತಿ ಹೇಳಿರಲಿಲ್ಲ. ನಾಚಿಕೆ. ಬಾಬಾಸಾಹೇಬರು ಗೋಣಿಯ ಕಥೆಯನ್ನು ಲೋಕಕ್ಕೆಲ್ಲ ಹೇಳಿದರು, ನಾನು ಹಲಗಿಯ ಕಥೆಯನ್ನು ಮನೆಯವರಿಗೇ ಹೇಳಿರಲಿಲ್ಲ.

ಇಬ್ಬರೂ ಸೇರಿ ಧೋತರ ಬಿಚ್ಚಿದೆವು. ಚರ್ಮ ಒಣಗಿ ಸೀಳಿತ್ತು, ಅರ್ಧ ಇಲಿ ತಿಂದಿತ್ತು. ಮರದ ಬಳೆ ಮಾತ್ರ ಗಟ್ಟಿ ಇದೆ. ಎಡಗೈ ಹಿಡಿಯುವ ಕಡೆ ಮರ ನುಣುಪಾಗಿದೆ. ಅದು ಅಪ್ಪನ ಕೈ. ಈಗ ಚರ್ಮದ ಬದಲು ಫೈಬರ್ ಹಾಳೆ ಸಿಗುತ್ತದೆ, ಬೆಂಕಿಗೆ ಕಾಯಿಸುವುದೂ ಬೇಡ, ಅದನ್ನೇ ಹಾಕಿಸುತ್ತೇನೆ ಎಂದ. ಆಗಲಿ ಎಂದೆ.

ಆದರೆ ಮೂರು ಮಾತು ತೆಗೆದುಕೊಂಡೆ. ಯಾರೋ ಕೂಗಿ ಕರೆದರೆಂದು, ಜಾತಿಯ ಚಾಕರಿಯಾಗಿ ಇದನ್ನು ಬಾರಿಸಬಾರದು. ಇದನ್ನು ಹಿಡಿದ ದಿನ ಅಮಲು ಹತ್ತಿರ ಸುಳಿಯಬಾರದು. ಯಾರಾದರೂ ಇದು ಏನು ಎಂದು ಕೇಳಿದರೆ, ಚಂದದ ಜಾನಪದ ಕಲೆ ಎಂದಷ್ಟೇ ಹೇಳಿ ಮುಗಿಸದೆ, ಮುತ್ತಜ್ಜನ ಕಥೆಯನ್ನೂ ಹೇಳಬೇಕು. ಮೂರಕ್ಕೂ ಒಪ್ಪಿದ. ಆಮೇಲೆ ಅವನೊಂದು ಮಾತು ತೆಗೆದುಕೊಂಡ. ಏಪ್ರಿಲ್ 14ರಂದು ಅಜ್ಜಿ ಮೆರವಣಿಗೆಯ ಮುಂದಿನ ಸಾಲಿನಲ್ಲಿ ನಡೆಯಬೇಕಂತೆ. ಹೂಂ ಎಂದಿದ್ದೇನೆ. ಆ ಸದ್ದು ಕೇಳಿ ನನ್ನ ಎದೆ ಏನಾಗುತ್ತದೋ ಗೊತ್ತಿಲ್ಲ. ನಡೆಯುತ್ತೇನೆ.

ಸುಡಬೇಕು ಎಂದ ಹಿರಿಯರ ನೋವು ನನಗೆ ಅರ್ಥವಾಗುತ್ತದೆ. ಅವರ ಮನೆಯ ಹಲಗಿಯನ್ನು ಅವರು ಸುಟ್ಟರೆ ಅದೂ ಸರಿಯೇ. ಅದು ಅವರ ಅಪ್ಪನದು. ಇದಕ್ಕೆ ಒಂದೇ ಉತ್ತರ ಇಲ್ಲ ಎಂದು ನನಗನಿಸುತ್ತದೆ. ನಾಳೆ ವಿಹಾರದಲ್ಲಿ ಅವರ ಪಕ್ಕದಲ್ಲೇ ಕೂರುತ್ತೇನೆ.

*ಇಂದಿನ ಅಭ್ಯಾಸ*

👉 ನಿಮ್ಮ ಮನೆಯ ಹಿರಿಯರ ಒಂದು ವಸ್ತುವನ್ನು ಇಂದು ಹೊರತೆಗೆಯಿರಿ. ಕುಡುಗೋಲು, ಬುಟ್ಟಿ, ಪೊರಕೆ, ಪಾಟಿ, ಏನಾದರೂ ಸರಿ. ಅದರ ಕಥೆಯನ್ನು ಮಕ್ಕಳಿಗೆ ಹೇಳಿ. ನಾಚಿಕೆಯ ಭಾಗವನ್ನು ಬಿಡಬೇಡಿ. ಆ ನಾಚಿಕೆ ನಮ್ಮದಲ್ಲ, ಮಾಡಿಸಿದವರದು.

👉 ಇಂದು ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು, ಮನೆಯವರೆಲ್ಲ ಕೂತು ತ್ರಿಸರಣವನ್ನು ನಿಧಾನವಾಗಿ ದನಿಯೆತ್ತಿ ಹೇಳಿ. ಶ್ರುತಿ ಸೇರದಿದ್ದರೂ ಚಿಂತೆ ಇಲ್ಲ. ಅರುವತ್ತೆಂಟು ಡಿಸೆಂಬರಿಗೂ ಹಿಂದೆ ಇದೇ ರಾತ್ರಿ, ಅಲಿಪುರ ರಸ್ತೆಯ ಮನೆಯಲ್ಲಿ ದಣಿದ ಒಬ್ಬರು ಅದನ್ನೇ ಗುನುಗುತ್ತಿದ್ದರು ಎಂದು ನೆನೆಯಿರಿ.

👉 ನಾಳೆ ಬೆಳಗ್ಗೆ 7 ಗಂಟೆಗೆ ವಿಹಾರದಲ್ಲಿ ವಂದನೆ. ಬಿಳಿ ಬಟ್ಟೆ. ಹೂವಿನ ಬದಲು ಒಂದು ನೋಟ್‌ಬುಕ್, ಒಂದು ಪೆನ್ನು ತನ್ನಿ. ಕೇರಿಯ ಶಾಲೆಯ ಮಕ್ಕಳಿಗೆ ಕೊಡೋಣ.

ಎಲ್ಲರಿಗೂ ಮಂಗಲವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 🙏